ತಂತಿ ಹರಿಯುವುದು ಕುತ್ತಿಗೆಯಲ್ಲೇ!

ನಿಮ್ಮ ಇಯರ್‌ಫೋನ್ ಕೊನೆಯ ಸಲ ಎಲ್ಲಿ ಕೆಟ್ಟಿತು, ನೆನಪಿದೆಯಾ? ಅಂಗಡಿ ಕೇಳುತ್ತಿಲ್ಲ, ವೈರಿನ ಯಾವ ಜಾಗದಲ್ಲಿ ಅಂತ. ನಡು ಮಧ್ಯದಲ್ಲಿ ಅಲ್ಲ. ಪಿನ್ನಿನ ಬುಡದಲ್ಲಿ, ಸರಿಯಾಗಿ ಕುತ್ತಿಗೆಯ ಹತ್ತಿರ. ಮೊಬೈಲ್ ಚಾರ್ಜರ್ ಕೂಡ ಅಷ್ಟೇ. ಹಾಸ್ಟೆಲ್ಲಿನ ನಮ್ಮ ರೂಮಿನಲ್ಲಿ ನಾಲ್ಕು ಜನರ ನಾಲ್ಕು ಚಾರ್ಜರಿಗೂ ಕುತ್ತಿಗೆಗೆ ಕಪ್ಪು ಟೇಪಿನ ಪಟ್ಟಿ ಸುತ್ತಿದೆ. ಮೀಟರುದ್ದದ ವೈರು ಎಷ್ಟು ಮಡಚಿದರೂ ಬದುಕುತ್ತದೆ. ಮೆತ್ತನೆಯದು ಗಟ್ಟಿಯದಕ್ಕೆ ಸೇರುವ ಆ ಅರ್ಧ ಇಂಚು ಮಾತ್ರ ಕೈಕೊಡುತ್ತದೆ.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್, ಬಿ.ಇ. ಮೂರನೇ ವರ್ಷ. ಊರು ಸೇಡಂ ತಾಲ್ಲೂಕಿನ ಕೋಡ್ಲಾ. ನಮ್ಮ ಸುತ್ತ ನೆಲದಡಿಯೆಲ್ಲ ಸುಣ್ಣದ ಕಲ್ಲು. ಹಾಗಾಗಿ ವಾಡಿ, ಮಳಖೇಡ, ಸೇಡಂ ಎಲ್ಲಿ ನೋಡಿದರೂ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುತ್ತದೆ. ನಮ್ಮಣ್ಣನೂ ಅಂಥದ್ದೊಂದು ಕಡೆ ಕಾಂಟ್ರ್ಯಾಕ್ಟ್ ಮೇಲೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾನೆ. ಹೋದ ಬೇಸಿಗೆಯಲ್ಲಿ ಒಂದು ದಿನ ಅವನ ಗೇಟ್ ಕಾರ್ಡನ್ನು ಮಷಿನ್ ಓದಲಿಲ್ಲ. ಒರೆಸಿದ, ತಿರುಗಿಸಿದ, ಮತ್ತೆ ಹಿಡಿದ. ಊಹೂಂ! ಹೊಸ ಕಾರ್ಡಿನ ಚೀಟಿ ಬರುವಷ್ಟರಲ್ಲಿ ಅರ್ಧ ದಿನದ ಹಾಜರಿ ಹೋಯಿತು, ಜತೆಗೆ ಅರ್ಧ ದಿನದ ಪಗಾರ. ಸಂಜೆ ಮನೆಗೆ ಬಂದವನು ಕಾರ್ಡನ್ನು ನನ್ನ ಮುಂದೆ ಒಗೆದ: "ಇಂಜಿನಿಯರಿಂಗ್ ಓದ್ಲಾಕತ್ತೀ ಅಲ್ಲ, ಇದಕ್ಕೇನ್ ಆಗ್ಯಾದ ನೋಡು!"

ಮೊಬೈಲ್ ಟಾರ್ಚ್ ಮೇಲೆ ಕಾರ್ಡ್ ಇಟ್ಟು ನೋಡಿದೆ. ನಿಮ್ಮ ಕಾಲೇಜಿನ ಐಡಿ ಅಥವಾ ಮೆಟ್ರೊ ಕಾರ್ಡ್ ಇದ್ದರೆ ನೀವೂ ನೋಡಿ. ಅಂಚಿನ ಸುತ್ತ ನಾಲ್ಕಾರು ಸುತ್ತು ಸಣ್ಣ ತಂತಿ, ಒಂದು ಮೂಲೆಯಲ್ಲಿ ಎಳ್ಳಿನ ಗಾತ್ರದ ಚಿಪ್ಪು. ಆ ತಂತಿಯ ಸುರುಳಿಯೇ ಆಂಟೆನಾ. ಕಾರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ. ಗೇಟಿನ ಮಷಿನ್ 13.56 ಮೆಗಾಹರ್ಟ್ಸ್‌ನಲ್ಲಿ ಹೊಮ್ಮಿಸುವ ಕಾಂತಕ್ಷೇತ್ರದಿಂದಲೇ ಈ ಸುರುಳಿ ಕರೆಂಟು ಹಿಡಿದು ಚಿಪ್ಪನ್ನು ಎಬ್ಬಿಸುತ್ತದೆ. ಎದ್ದ ಚಿಪ್ಪು ತನ್ನ ನಂಬರ್ ಹೇಳುತ್ತದೆ. ಅಣ್ಣನ ಕಾರ್ಡು ದಿನವೂ ಹಿಂದಿನ ಜೇಬಿನಲ್ಲಿ ಬಾಗಿ ಬಾಗಿ, ತಂತಿಯು ಚಿಪ್ಪಿಗೆ ಸೇರುವ ಕಡೆ ಸಣ್ಣಗೆ ಬಿಳಿಯ ಗೆರೆ ಮೂಡಿತ್ತು. ಸುರುಳಿ ಪೂರ್ತಿ ಚೆನ್ನಾಗಿತ್ತು, ಕುತ್ತಿಗೆ ಹರಿದಿತ್ತು.

ಬಾಗುವ, ಹಿಗ್ಗುವ, ಹರಿಯುವ ಆಂಟೆನಾಗಳ ಬಗ್ಗೆ ನಾನು ಓದಲು ಶುರುಮಾಡಿದ್ದು ಅವತ್ತಿನಿಂದ. ಸಿಲೆಬಸ್‌ನಲ್ಲಿ ಇರಲಿಲ್ಲ, ಅದೊಂದು ಪುಣ್ಯ. ಪರೀಕ್ಷೆಯ ಭಯವಿಲ್ಲದೆ ಓದಿದ ಮೊದಲ ವಿಷಯ ಇದೇ ಇರಬೇಕು.

ಒಂದು ತಾಮ್ರದ ತಂತಿಯನ್ನು ಆಚೆ ಈಚೆ ಹತ್ತಿಪ್ಪತ್ತು ಸಲ ಬಗ್ಗಿಸಿದರೆ ತುಂಡಾಗುತ್ತದೆ. ಲೋಹ ದಣಿಯುತ್ತದೆ ಅನ್ನುತ್ತಾರೆ. ಪ್ರತಿ ಬಾಗುವಿಕೆಯಲ್ಲೂ ಒಳಗೆ ಕಣ್ಣಿಗೆ ಕಾಣದ ಬಿರುಕು ಸ್ವಲ್ಪ ಸ್ವಲ್ಪ ಬೆಳೆಯುತ್ತದೆ. ಹಾಗಾದರೆ ಬಿರುಕೇ ಬಿಡಲಾಗದ ಲೋಹ ಇದ್ದರೆ? ನೀರು ಬಿರುಕು ಬಿಡುತ್ತದೆಯೇ? ದ್ರವರೂಪದ ಲೋಹ ಬೇಕು. ಪಾದರಸ ಇದೆ, ಆದರೆ ಅದು ವಿಷ. ಮೈಮೇಲೆ ತೊಡುವ ವಸ್ತುವಿಗೆ ಅದನ್ನು ಯಾರೂ ಹಾಕುವುದಿಲ್ಲ. ಆಗ ಬರುವ ಹೆಸರು ಗ್ಯಾಲಿಯಂ.

ಗ್ಯಾಲಿಯಂ ಕಥೆಯಲ್ಲಿ ನಮ್ಮ ಸಂಸ್ಕೃತದ ಒಂದು ಪದ ಇದೆ. 1871ರಲ್ಲಿ ರಷ್ಯಾದ ಮೆಂಡಲೀವ್ ತನ್ನ ಆವರ್ತ ಕೋಷ್ಟಕದಲ್ಲಿ ಅಲ್ಯೂಮಿನಿಯಂನ ಕೆಳಗಿನ ಮನೆ ಖಾಲಿ ಬಿಟ್ಟು, ಅಲ್ಲಿಗೆ ಬರಬೇಕಾದ ಧಾತುವಿಗೆ 'ಏಕ-ಅಲ್ಯೂಮಿನಿಯಂ' ಅಂತ ಹೆಸರಿಟ್ಟ. ಸಂಸ್ಕೃತದ ಅದೇ 'ಏಕ'. ನಾಲ್ಕೇ ವರ್ಷದಲ್ಲಿ, 1875ರಲ್ಲಿ, ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಅದನ್ನು ಕಂಡುಹಿಡಿದ. ಅದು ಕರಗುವುದು 29.76 ಡಿಗ್ರಿ ಸೆಲ್ಸಿಯಸ್‌ಗೆ. ಅಂಗೈಯಲ್ಲಿಟ್ಟರೆ ಬೆಣ್ಣೆಯಂತೆ ಇಳಿಯುತ್ತದೆ. ನಮ್ಮೂರಿನಲ್ಲಿ ಅಂಗೈ ಕೂಡ ಬೇಡ. ಮಾರ್ಚ್ ಬಂದರೆ ಡಬ್ಬಿಯೊಳಗೇ ನೀರಾಗಿರುತ್ತದೆ!

ಆದರೆ ಡಿಸೆಂಬರ್ ಬೆಳಗಿನಲ್ಲಿ ಗಟ್ಟಿಯಾಗುವ ಆಂಟೆನಾ ಯಾರಿಗೆ ಬೇಕು? ಅದಕ್ಕೇ ಗ್ಯಾಲಿಯಂಗೆ ಕಾಲು ಭಾಗದಷ್ಟು ಇಂಡಿಯಂ ಬೆರೆಸುತ್ತಾರೆ. ಎರಡು ಗಟ್ಟಿ ಲೋಹಗಳು ಸೇರಿ, ಸುಮಾರು 15.5 ಡಿಗ್ರಿಗೇ ಕರಗುವ ಮಿಶ್ರಣ ಆಗುತ್ತದೆ. ತವರವನ್ನೂ ಸೇರಿಸಿದರೆ ಇನ್ನೂ ತಣ್ಣಗಿದ್ದರೂ ದ್ರವವಾಗಿಯೇ ಇರುತ್ತದೆ. ಪಾದರಸವಿಲ್ಲದ ಜ್ವರದ ಥರ್ಮಾಮೀಟರಿನಲ್ಲಿ ಇರುವುದು ಇಂಥದ್ದೇ ಮಿಶ್ರಣ.

ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೈಕೆಲ್ ಡಿಕಿ ಮತ್ತು ಜತೆಗಾರರು 2009ರಲ್ಲಿ ಈ ಗ್ಯಾಲಿಯಂ-ಇಂಡಿಯಂ ಮಿಶ್ರಣವನ್ನು ಸಿಲಿಕೋನ್ ರಬ್ಬರಿನೊಳಗಿನ ಸಣ್ಣ ಕಾಲುವೆಗೆ ಸಿರಿಂಜಿನಿಂದ ತುಂಬಿ ಆಂಟೆನಾ ಮಾಡಿದರು. ಎಳೆದರು, ಮಡಚಿದರು, ಸುತ್ತಿದರು. ಬಿಟ್ಟ ತಕ್ಷಣ ಮತ್ತೆ ಮೊದಲಿನ ಆಕಾರ, ಮೊದಲಿನ ಕೆಲಸ. ಬ್ಲೇಡಿನಿಂದ ಗೀರಿದರೂ ಎರಡು ತುದಿ ಒತ್ತಿ ಸೇರಿಸಿದರೆ ಲೋಹ ಮತ್ತೆ ಒಂದಾಗುತ್ತಿತ್ತು. ಇದರ ಗುಟ್ಟು ಮೇಲಿನ ಕೆನೆಯಲ್ಲಿದೆ. ಗಾಳಿ ತಾಗಿದ ಕೂಡಲೇ ಈ ಲೋಹದ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟುತ್ತದೆ, ಕಾದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಅದು ಒಳಗಿನ ದ್ರವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾದರಸವಾದರೆ ಗುಂಡುಗುಂಡಾಗಿ ಓಡುತ್ತದೆ. ಇದು ಹೇಳಿದ ಕಡೆ ಕೂರುತ್ತದೆ.

ನನಗೆ ಕಾಡಿದ ಪ್ರಶ್ನೆ ಬೇರೆ. ಈ ಮಿಶ್ರಣದಲ್ಲಿ ಕರೆಂಟು ಹರಿಯುವುದು ತಾಮ್ರಕ್ಕಿಂತ ಸುಮಾರು 17 ಪಟ್ಟು ಕಷ್ಟದಲ್ಲಿ. ಹಾಗಿದ್ದರೂ ಆಂಟೆನಾ ಹೇಗೆ ಕೆಲಸ ಮಾಡುತ್ತದೆ? ನಾವೆಲ್ಲ ಬಾಯಿಪಾಠ ಮಾಡಿ ಮರೆತ 'ಸ್ಕಿನ್ ಡೆಪ್ತ್' ಸೂತ್ರದಲ್ಲೇ ಉತ್ತರ ಇತ್ತು. ಹೆಚ್ಚು ಫ್ರೀಕ್ವೆನ್ಸಿಯಲ್ಲಿ ಕರೆಂಟು ಲೋಹದ ಮೇಲ್ಮೈಯಲ್ಲಷ್ಟೇ ಹರಿಯುತ್ತದೆ. 866 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದೆ: ತಾಮ್ರದಲ್ಲಿ ಎರಡೂಕಾಲು ಮೈಕ್ರಾನ್ ಆಳ, ದ್ರವ ಲೋಹದಲ್ಲಿ ಒಂಬತ್ತಕ್ಕೆ ತುಸು ಮೇಲೆ. ವಾಹಕತೆ 17 ಪಟ್ಟು ಕುಗ್ಗಿದರೂ ವರ್ಗಮೂಲದ ದಯೆಯಿಂದ ಪೆಟ್ಟು ಬೀಳುವುದು ನಾಲ್ಕು ಪಟ್ಟು ಮಾತ್ರ. ತಲೆಗೂದಲಿನಷ್ಟು ದಪ್ಪದ ಕಾಲುವೆ ಇದ್ದರೂ ಧಾರಾಳ ಸಾಕು. 2009ರ ಆ ಆಂಟೆನಾ 1910ರಿಂದ 1990 ಮೆಗಾಹರ್ಟ್ಸ್‌ವರೆಗೆ ಸುಮಾರು ಶೇ 90ರಷ್ಟು ದಕ್ಷತೆ ತೋರಿಸಿತ್ತು. ಸೂತ್ರವೊಂದು ಮೊದಲ ಸಲ ನನ್ನ ಜತೆ ಮಾತಾಡಿದ ಹಾಗಾಯಿತು.

ವಾಹಕತೆ ಇನ್ನೂ ಕಡಿಮೆಯಾದರೆ ಎಲ್ಲಿಯವರೆಗೆ ಹೋಗಬಹುದು? ಜಪಾನಿನ ಮಿಟ್ಸುಬಿಷಿ ಎಲೆಕ್ಟ್ರಿಕ್ ಕಂಪನಿ 2016ರಲ್ಲಿ ಸಮುದ್ರದ ನೀರನ್ನು ಪಂಪಿನಿಂದ ಕಾರಂಜಿಯಂತೆ ಚಿಮ್ಮಿಸಿ, ಆ ನೀರಿನ ಕಂಬವನ್ನೇ ಆಂಟೆನಾ ಮಾಡಿ ಟಿ.ವಿ. ಸಿಗ್ನಲ್ ಹಿಡಿದು ತೋರಿಸಿತು. ಉಪ್ಪುನೀರಿನ ವಾಹಕತೆ ತಾಮ್ರದ ಕೋಟಿಯಲ್ಲಿ ಒಂದು ಪಾಲು! ಹಾಗಾಗಿ ಕಂಬ ದಪ್ಪಗಿರಬೇಕು. ಪಂಪ್ ನಿಲ್ಲಿಸಿದರೆ ಆಂಟೆನಾ ಮಾಯ. ನಮ್ಮೂರ ಬೋರ್‌ವೆಲ್ ನೀರಿನಲ್ಲೂ ಸುಣ್ಣ ಸಾಕಷ್ಟಿದೆ, ಆದರೆ ಕಾರಂಜಿಗೆ ಬೇಕಾದಷ್ಟು ನೀರೇ ಇಲ್ಲ ಬಿಡಿ.

ಇನ್ನು ಗ್ಯಾಲಿಯಂನ ತಕರಾರುಗಳು. ಅದಕ್ಕೆ ಅಲ್ಯೂಮಿನಿಯಂ ಕಂಡರೆ ಆಗದು. ನಮ್ಮ ಕಡೆ ಜರ್ಮನ್ ಪಾತ್ರೆ ಅನ್ನುತ್ತೇವಲ್ಲ, ಅಂಥದ್ದರ ಮೇಲೆ ಒಂದು ಹನಿ ಬಿದ್ದು ಒಳಗೆ ಇಳಿದರೆ ಲೋಹದ ಕಣಕಣದ ನಡುವೆ ನುಸುಳಿ, ಪಾತ್ರೆ ಹಪ್ಪಳದಂತೆ ಪುಡಿಯಾಗುತ್ತದೆ. ವಿಮಾನದೊಳಗೆ ಅದನ್ನು ಒಯ್ಯಲು ಬಿಡದಿರುವುದು ಇದಕ್ಕೇ. ಎರಡನೆಯದು, ಪೂರೈಕೆ. ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುವಾಗ ಉಪ ಉತ್ಪನ್ನವಾಗಿ ಇದು ಸಿಗುತ್ತದೆ. ಆದರೆ ಜಗತ್ತಿಗೆ ಬೇಕಾದುದರ ಬಹುಪಾಲು ಬರುವುದು ಚೀನಾದಿಂದ. 2023ರ ಆಗಸ್ಟಿನಿಂದ ಆ ದೇಶ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅದೇ ವರ್ಷ ಭಾರತ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲೂ ಗ್ಯಾಲಿಯಂ ಇದೆ. ಮೂರನೆಯದು, ರಬ್ಬರ್ ಎಳೆದರೆ ಆಂಟೆನಾ ಉದ್ದವಾಗುತ್ತದೆ, ಉದ್ದವಾದರೆ ಫ್ರೀಕ್ವೆನ್ಸಿ ಇಳಿಯುತ್ತದೆ. ರೇಡಿಯೊ ಕೇಳಲು ಕೂತವನಿಗೆ ಇದು ಕಾಟ. ಎಷ್ಟು ಎಳೆಯಲಾಗಿದೆ ಎಂದು ದೂರದಿಂದ ತಿಳಿಯಬೇಕಾದವನಿಗೆ ಇದೇ ಸೆನ್ಸರ್!

ಇವೆಲ್ಲ ದಾಟಿದ ಮೇಲೂ ಒಂದು ಉಳಿಯುತ್ತದೆ. ರಬ್ಬರಿನೊಳಗಿನ ಲೋಹ ಎಷ್ಟು ಬೇಕಾದರೂ ಹಿಗ್ಗಲಿ, ಕೊನೆಗೆ ಅದು ಒಂದು ಚಿಪ್ಪಿಗೋ ಕೇಬಲ್ಲಿಗೋ ಸೇರಬೇಕು. ಚಿಪ್ಪು ಹಿಗ್ಗುವುದಿಲ್ಲ. ಎಳೆದಾಗ ಎಲ್ಲ ಜಗ್ಗಾಟ ಬಂದು ಆ ಸಂದಿಯಲ್ಲೇ ಕೂರುತ್ತದೆ. ಮತ್ತೆ ಕುತ್ತಿಗೆ! ಓದಿದ ಲೇಖನಗಳಲ್ಲೆಲ್ಲ ಲೋಹದ ಫೋಟೊ ದೊಡ್ಡದಾಗಿ ಹೊಳೆಯುತ್ತಿರುತ್ತದೆ. ಜೋಡಣೆಯ ಬಗ್ಗೆ ಎರಡು ಸಾಲು ಇದ್ದರೆ ಹೆಚ್ಚು. ನನ್ನ ಮಟ್ಟಿಗೆ ಅಸಲಿ ಇಂಜಿನಿಯರಿಂಗ್ ಇರುವುದು ಆ ಎರಡು ಸಾಲಿನಲ್ಲೇ.

ದ್ರವವೇ ಆಗಬೇಕೆಂದೇನಿಲ್ಲ. ಲೋಹವನ್ನು ಬಲೆಯ ಹಾಗೆ ಮಾಡಿದರೂ ಅದು ಬಾಗುತ್ತದೆ. ಇದರಲ್ಲಿ ನಮ್ಮ ಬೆಂಗಳೂರಿನ ಕೆಲಸ ಓದಿ ಖುಷಿಯಾಯಿತು. ಏಪ್ರಿಲ್‌ನಲ್ಲಿ ನಮ್ಮ ಎರೆಹೊಲ ನೋಡಿದ್ದೀರಾ? ತೊಗರಿ ಕೊಯ್ದ ಮೇಲೆ ನೆಲ ಒಣಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಒಂದು ಬಿರುಕು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸೇರಿರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಜಿ.ಯು. ಕುಲಕರ್ಣಿ ಅವರ ತಂಡ ಇದೇ ಬಿರುಕನ್ನು ಕೆಲಸಕ್ಕೆ ಹಚ್ಚಿತು. ಗಾಜು ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಸಣ್ಣ ಕಣಗಳ ದ್ರಾವಣ ಹಚ್ಚಿ ಒಣಗಲು ಬಿಡುವುದು. ಅದು ಎರೆಹೊಲದಂತೆ ಬಿರುಕು ಬಿಡುತ್ತದೆ. ಮೇಲೆ ಲೋಹ ಕೂರಿಸುವುದು, ಬಿರುಕಿನೊಳಗೆ ಲೋಹ ಇಳಿಯುತ್ತದೆ. ಆಮೇಲೆ ಮಣ್ಣಿನ ಹೆಂಟೆಯಂಥ ಪದರವನ್ನು ತೊಳೆದು ತೆಗೆಯುವುದು. ಉಳಿಯುವುದು ಎಲ್ಲೂ ತುಂಡಾಗದ ಲೋಹದ ಜಾಲ. ತಂತಿಗಳು ಕಣ್ಣಿಗೆ ಕಾಣದಷ್ಟು ಸಣ್ಣ, ನಡುವೆ ಖಾಲಿ ಜಾಗ. ಹಾಗಾಗಿ ಹಾಳೆ ಪಾರದರ್ಶಕ, ಕರೆಂಟೂ ಹರಿಯುತ್ತದೆ, ಹಾಳೆ ಪ್ಲಾಸ್ಟಿಕ್ಕಾದರೆ ಬಾಗುತ್ತದೆ. ಬೆಂಗಳೂರಿನದೇ ನ್ಯಾನೋ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರದಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಇಂಥ ತಾಮ್ರದ ಜಾಲ ಮಾಡಿ, ರೇಡಿಯೊ ಅಲೆಗಳನ್ನು ತಡೆಯುವ ಪಾರದರ್ಶಕ ಪರದೆಯಾಗಿ ಪರೀಕ್ಷಿಸಿದ್ದಾರೆ. ಒಂದು ಬಿರುಕು ಎಲ್ಲೋ ನಿಂತುಹೋದರೂ ಸುತ್ತು ಬಳಸಿ ಹೋಗಲು ಕರೆಂಟಿಗೆ ಬೇರೆ ದಾರಿಗಳಿವೆ. ಒಂದೇ ತಂತಿಯನ್ನು ನಂಬಿಕೊಂಡ ಅಣ್ಣನ ಕಾರ್ಡಿಗೆ ಆ ಭಾಗ್ಯ ಇರಲಿಲ್ಲ.

ಜಾಲದಲ್ಲಿ ತೂತಿದ್ದರೆ ಅಲೆ ಸೋರಿಹೋಗದೇ? ಜರಡಿಯ ಲೆಕ್ಕ. ಅಲೆಯ ಉದ್ದಕ್ಕಿಂತ ತೂತು ತೀರಾ ಚಿಕ್ಕದಿದ್ದರೆ ಅಲೆಗೆ ಅದು ಇಡೀ ತಗಡಿನಂತೆಯೇ. ಇದರ ದೊಡ್ಡ ಉದಾಹರಣೆ ಈಗ ನಮ್ಮ ತಲೆಯ ಮೇಲೇ ತಿರುಗುತ್ತಿದೆ. ಇಸ್ರೊ ಮತ್ತು ನಾಸಾ ಸೇರಿ ಮಾಡಿದ, ಬೆಂಗಳೂರಿನಲ್ಲಿ ಜೋಡಿಸಲಾದ 'ನಿಸಾರ್' ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ಅದರ ರೇಡಾರ್ ಆಂಟೆನಾದ ಛತ್ರಿಯ ಅಗಲ 12 ಮೀಟರ್, ತೂಕ ಸುಮಾರು 64 ಕೆ.ಜಿ. ಬಟ್ಟೆಯಂತೆ ಮಡಚಬಹುದಾದ, ಚಿನ್ನದ ಲೇಪವಿರುವ ತಂತಿಯ ಬಲೆ ಅದು. ರಾಕೆಟ್ಟಿನಲ್ಲಿ ಮಡಚಿಕೊಂಡು ಹೋಗಿ ಆಗಸ್ಟ್‌ನಲ್ಲಿ ಆಕಾಶದಲ್ಲಿ ಅರಳಿತು. ಬಳಸುವ ಅಲೆಗಳ ಉದ್ದ ಒಂದು 24 ಸೆಂ.ಮೀ., ಇನ್ನೊಂದು ಸುಮಾರು 10 ಸೆಂ.ಮೀ. ಬಲೆಯ ಕಣ್ಣು ಅದರ ಮುಂದೆ ಲೆಕ್ಕಕ್ಕಿಲ್ಲ. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುವ ಆ ಬಲೆ ಕೋಡ್ಲಾದ ಎರೆಹೊಲದ ಮೇಲೂ ಹಾದುಹೋಗುತ್ತದೆ.

ಚಿನ್ನದ ಬಲೆ ನಮ್ಮ ಕೈಗೆಟುಕದು. ದಾರ ಎಟುಕುತ್ತದೆ. ನೈಲಾನ್ ಎಳೆಗೆ ಬೆಳ್ಳಿ ಲೇಪಿಸಿದ, ಕರೆಂಟು ಹರಿಯುವ ದಾರ ಆನ್‌ಲೈನಿನಲ್ಲಿ ಸಿಗುತ್ತದೆ. ಅಮೆರಿಕದ ಓಹಿಯೊ ಸ್ಟೇಟ್ ಯೂನಿವರ್ಸಿಟಿಯವರು 2016ರಲ್ಲೇ ಹೊಲಿಗೆ ಮಷಿನ್ನಿನಿಂದ 0.1 ಮಿ.ಮೀ. ನಿಖರತೆಯಲ್ಲಿ ಬಟ್ಟೆಯ ಮೇಲೆ ಆಂಟೆನಾ ಕಸೂತಿ ಹಾಕಿ ತೋರಿಸಿದ್ದರು. ಅದನ್ನು ಓದಿ ನಾವು ಮೂವರು ಗೆಳೆಯರು ಮಿನಿ ಪ್ರಾಜೆಕ್ಟಿಗೆ ಇದನ್ನೇ ಹಿಡಿದೆವು: ಜೇಬಿನ ಕಾರ್ಡಿನ ಬದಲು ಸೇಫ್ಟಿ ಜಾಕೆಟ್ಟಿನ ಬಟ್ಟೆಯೇ ಟ್ಯಾಗ್ ಆಗಬೇಕು. ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ 865-868 ಮೆಗಾಹರ್ಟ್ಸ್ ಪಟ್ಟಿ ಇದಕ್ಕೆ ಸೂಕ್ತ. ಅಲೆಯ ಉದ್ದ ಸುಮಾರು 34.6 ಸೆಂ.ಮೀ. ಅರ್ಧ ಅಂದರೆ 17.3. ಎದೆಯ ಮೇಲೆ ಆರಾಮವಾಗಿ ಕೂರುತ್ತದೆ. ಅಳೆಯಲು ನ್ಯಾನೋವಿಎನ್ಎ ಎಂಬ ಅಂಗೈಯಗಲದ ಉಪಕರಣವಿದೆ. ಲ್ಯಾಬಿನಲ್ಲಿ ಲಕ್ಷಗಟ್ಟಲೆ ಬೆಲೆಯ ಮಷಿನ್ ಮಾಡುವ ಕೆಲಸದ ಒಂದು ಭಾಗವನ್ನು ಕೆಲವೇ ಸಾವಿರದಲ್ಲಿ ಮಾಡುತ್ತದೆ. ಮೂವರೂ ದುಡ್ಡು ಹಾಕಿ ತರಿಸಿದೆವು.

ಹೊಲಿಯುವುದು ನನ್ನ ಪಾಲಿಗೆ ಬಂತು. ಅವ್ವ ಕೌದಿ ಹೊಲಿಯುತ್ತಾಳೆ, ಅವಳ ಹತ್ತಿರವೇ ಕೂತೆ. ಬೆಳ್ಳಿ ದಾರವನ್ನು ನಾನು ಸ್ಕೇಲಿಟ್ಟು ನೆಟ್ಟಗೆ ಬಿಗಿಯಾಗಿ ಎಳೆಯುತ್ತಿದ್ದರೆ ಅವ್ವ ತಡೆದಳು: "ಹಂಗ ಬಿಗಿ ಜಗ್ಗಬ್ಯಾಡೋ. ಒಗದ ಮ್ಯಾಲ ಬಟ್ಟಿ ಕುಗ್ತದ, ದಾರ ಹರೀತದ. ಒಂದೀಟು ಸಡಿಲ ಬಿಡು." ಹಿಗ್ಗುವ ಸರ್ಕ್ಯೂಟುಗಳಲ್ಲಿ ತಂತಿಯನ್ನು ನೇರ ಎಳೆಯದೆ ಹಾವಿನಂತೆ ಅಂಕುಡೊಂಕಾಗಿ ಹಾಯಿಸುತ್ತಾರೆ. ಎಳೆದಾಗ ಡೊಂಕು ಬಿಚ್ಚಿಕೊಳ್ಳುತ್ತದೆ, ತಂತಿಗೆ ನೋವಾಗುವುದಿಲ್ಲ. ಅವ್ವ ಹೇಳಿದ್ದೂ ಅದನ್ನೇ.

ಮೇಜಿನ ಮೇಲೆ ಆಂಟೆನಾ ಲೆಕ್ಕದಂತೆಯೇ ಬಂತು. ಎದೆಗೆ ಹಿಡಿದರೆ ಗ್ರಾಫ್ ಸರ್ರನೆ ಕೆಳಗಿನ ಫ್ರೀಕ್ವೆನ್ಸಿಗೆ ಜಾರಿತು. ಮೈತುಂಬ ನೀರು, ಉಪ್ಪು. ಅದು ಅಲೆಯನ್ನು ನಿಧಾನ ಮಾಡುತ್ತದೆ, ನುಂಗಿಯೂ ಬಿಡುತ್ತದೆ. ಬೆವರಿದ ಅಂಗಿಯ ಮೇಲೆ ಇನ್ನೂ ಕೆಟ್ಟದು, ಮತ್ತು ನಮ್ಮ ಕಡೆ ಬೆವರದ ಕೆಲಸಗಾರ ಎಲ್ಲಿದ್ದಾನೆ? ಮೈಗೂ ಆಂಟೆನಾಕ್ಕೂ ನಡುವೆ ಅಂತರ ಬೇಕು. ಅವ್ವನ ಕೌದಿಯ ನಾಲ್ಕೈದು ಪದರದ ತುಂಡು ನಡುವೆ ಇಟ್ಟೆವು, ಗ್ರಾಫ್ ಬಹುಮಟ್ಟಿಗೆ ಮೇಲೆ ಬಂತು. ಖುಷಿಯಿಂದ ಅಣ್ಣನಿಗೆ ತೋರಿಸಿದರೆ ಅವನು, "ಬ್ಯಾಸಗ್ಯಾಗ ಕೌದಿ ಹೊದ್ದು ಡ್ಯೂಟಿಗಿ ಹೋಗ್ಲೇನು?" ಅಂದ. ಈಗ ಗಾಳಿಯಾಡುವ ಸ್ಪಂಜು ಬಟ್ಟೆ ಹುಡುಕುತ್ತಿದ್ದೇವೆ.

ಜೋಡಣೆ ಮಾತ್ರ ಜೀವ ತಿಂದಿತು. ಬೆಳ್ಳಿ ದಾರಕ್ಕೆ ಸೋಲ್ಡರ್ ಮಾಡಲು ಹೋದರೆ ಒಳಗಿನ ನೈಲಾನ್ ಕರಗುತ್ತದೆ. ಕೊನೆಗೆ ದಾರಿ ತೋರಿಸಿದ್ದು ಬ್ಲೌಸಿನ ಟಿಚ್ ಬಟನ್. ಆಸ್ಪತ್ರೆಯಲ್ಲಿ ಇಸಿಜಿ ಪಟ್ಟಿಗೆ ವೈರು ಸಿಕ್ಕಿಸುವುದೂ ಅಂಥದ್ದೇ ಲೋಹದ ಗುಂಡಿಯಿಂದ. ದಾರವನ್ನು ಗುಂಡಿಯ ತೂತುಗಳಲ್ಲಿ ಹತ್ತಾರು ಸುತ್ತು ಬಿಗಿದು ಹೊಲಿದೆವು. ಆದರೂ ಗುಂಡಿಯ ಅಂಚಿನಲ್ಲೇ ಮೊದಲ ಎಳೆ ಹರಿಯಿತು. ಸೇಡಂನ ನಮ್ಮ ದರ್ಜಿ ಪ್ಯಾಂಟಿನ ಜೇಬಿನ ಮೂಲೆಗೆ ಅಡ್ಡಡ್ಡ ಹೊಲಿಗೆ ಹಾಕಿ ಗಟ್ಟಿ ಮಾಡುವುದನ್ನು ನೋಡಿ ನಾವೂ ಗುಂಡಿಯ ಸುತ್ತ ಹಾಗೇ ಹಾಕಿದೆವು. ಗುಂಡಿಯ ಹತ್ತಿರ ಹೊಲಿಗೆ ದಟ್ಟ, ದೂರ ಹೋದಂತೆ ವಿರಳ. ಗಟ್ಟಿಯದರಿಂದ ಮೆತ್ತನೆಯದಕ್ಕೆ ಒಮ್ಮೆಲೇ ಇಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. ಒಳ್ಳೆಯ ಚಾರ್ಜರಿನ ಕುತ್ತಿಗೆಗೆ ಉಂಗುರ ಉಂಗುರದ ರಬ್ಬರ್ ತೋಳು ಇರುತ್ತದಲ್ಲ, ಅದೂ ಇದೇ ಕೆಲಸಕ್ಕೆ.

"ಇದರಿಂದ ನೌಕರಿ ಸಿಗುತ್ತಾ?" ಅಂತ ಕ್ಲಾಸಿನಲ್ಲಿ ಕೇಳುತ್ತಾರೆ. ಎಲ್ಲರ ಕಣ್ಣೂ ಸಾಫ್ಟ್‌ವೇರ್ ಮೇಲೆ ಇರುವಾಗ ಪ್ರಶ್ನೆ ಸಹಜ. ನಾನು ಗಮನಿಸಿದ್ದು ಇಷ್ಟು: ಆರ್‌ಎಫ್ ಕೆಲಸಕ್ಕೆ ಹುಡುಕುವವರು ಸರ್ಟಿಫಿಕೇಟಿಗಿಂತ ಮೊದಲು 'ಏನನ್ನು ಅಳೆದಿದ್ದೀಯ?' ಅಂತ ಕೇಳುತ್ತಾರೆ ಎಂದು ನಮ್ಮ ಸೀನಿಯರ್‌ಗಳು ಹೇಳುತ್ತಾರೆ. ಆ ಪ್ರಶ್ನೆಗೆ ನಮ್ಮ ಬಳಿ ಈಗ ಉತ್ತರ ಇದೆ. ಆಂಟೆನಾ ಸಿಮ್ಯುಲೇಷನ್ ಕಲಿಯಲು ಓಪನ್‌ಇಎಂಎಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ನಿಧಾನವಾಗಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ನೆರವು ಕೊಡುತ್ತದೆ, ಕಾಲೇಜಿನ ಮೂಲಕ ಅರ್ಜಿ ಹಾಕಬೇಕು. ಜಕ್ಕೂರಿನ ಕೇಂದ್ರದಲ್ಲೂ ದೇಶದ ವಿಜ್ಞಾನ ಅಕಾಡೆಮಿಗಳಲ್ಲೂ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗಳಿವೆ. ನಮ್ಮ ಭಾಗದ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಇವು ಕಾಣುವುದು ಕಡಿಮೆ, ಅದಕ್ಕೇ ಇಲ್ಲಿ ಬರೆದೆ.

ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ನಮ್ಮ ಜಾಕೆಟ್ಟು ಹಾಸ್ಟೆಲ್ ಗೂಟಕ್ಕೆ ನೇತಾಡುತ್ತಿದೆ. ಆಮೇಲೆ ಒಗೆಯುವ ಪರೀಕ್ಷೆ. ಸೋಪಿನ ನೀರು, ಕಲ್ಲಿನ ಮೇಲೆ ಕುಕ್ಕುವುದು, ಬಿಸಿಲಿಗೆ ಹಾಕುವುದು, ಪ್ರತಿ ಸಲವೂ ಗ್ರಾಫ್ ತೆಗೆಯುವುದು. ಕುಕ್ಕುವ ಕೆಲಸ ನಾನೇ ಮಾಡುತ್ತೇನೆ ಅಂತ ಅಣ್ಣ ಮುಂದೆ ಬಂದಿದ್ದಾನೆ. ಗುಂಡಿಯ ಜಾಗ ನೋಡಿಕೊಂಡು ಕುಕ್ಕುವುದಾಗಿಯೂ ಹೇಳಿದ್ದಾನೆ!